ಮುನ್ನೂರಿಪ್ಪತ್ತು ಕೋಟಿಯಲ್ಲಿ ಒಂದು ಅಕ್ಷರ

ಒಂದು ಗ್ರಾಂ ಕ್ಯಾನ್ಸರ್ ಗಡ್ಡೆ ಎಂದರೆ ಬೆರಳ ತುದಿಯ ಮೇಲೆ ಕೂರುವಷ್ಟು ಚೂರು. ವೈದ್ಯಲೋಕದಲ್ಲಿ ರೂಢಿಯಲ್ಲಿರುವ ಅಂದಾಜಿನಂತೆ ಅಷ್ಟರೊಳಗೇ ಸುಮಾರು 100 ಕೋಟಿ ಜೀವಕೋಶಗಳು! ಒಂದು ಕೋಶದೊಳಗೆ ಮಡಚಿಟ್ಟಿರುವ ಡಿಎನ್‌ಎ ಎಳೆಗಳನ್ನು ಬಿಡಿಸಿ ಸಾಲಾಗಿ ಇಟ್ಟರೆ 2 ಮೀಟರ್ ಉದ್ದ. 100 ಕೋಟಿ ಕೋಶಗಳದ್ದನ್ನೂ ತುದಿಗೆ ತುದಿ ಸೇರಿಸಿದರೆ 20 ಲಕ್ಷ ಕಿಲೋಮೀಟರ್. ಭೂಮಿಯ ನಡುವಿಗೆ ಬರೋಬ್ಬರಿ 50 ಸುತ್ತು. ಚಂದ್ರನ ಲೆಕ್ಕದಲ್ಲಿ ಹೇಳುವುದಾದರೆ ಅಲ್ಲಿಗೆ ಎರಡು ಸಲ ಹೋಗಿ ಬಂದು, ಮೂರನೆಯ ಸಲವೂ ತಲುಪಿ, ಇನ್ನೂ ಹತ್ತಾರು ಸಾವಿರ ಕಿಲೋಮೀಟರ್ ಎಳೆ ಕೈಯಲ್ಲಿ ಉಳಿದಿರುತ್ತದೆ. ಇಷ್ಟೆಲ್ಲ ಅಡಗಿರುವುದು ಒಂದೇ ಒಂದು ಗ್ರಾಮಿನಲ್ಲಿ.

ಇಂಥ ಚೂರೊಂದು ಕೈಗೆ ಬಂದಾಗ ಇಮ್ಯುನೋಥೆರಪಿ, ಅಂದರೆ ದೇಹದ ರಕ್ಷಣಾ ಪಡೆಯನ್ನೇ ಕ್ಯಾನ್ಸರಿನ ಮೇಲೆ ಛೂ ಬಿಡುವ ಚಿಕಿತ್ಸೆಯ ಸಂಶೋಧಕರು ಕೇಳುವ ಪ್ರಶ್ನೆ ಒಂದೇ: ಆರೋಗ್ಯವಂತ ಕೋಶದಲ್ಲಿ ಇಲ್ಲದ ಯಾವ ಗುರುತು ಇದರಲ್ಲಿದೆ? ದೇಹದ ರಕ್ಷಣಾ ಪಡೆ ಕಂಡ ಕೂಡಲೇ ‘ಇದು ನಮ್ಮದಲ್ಲ’ ಎಂದು ಮೇಲೆ ಬೀಳಬಲ್ಲ ಆ ಗುರುತೇ ಟ್ಯೂಮರ್ ಆ್ಯಂಟಿಜೆನ್. ಹುಡುಕಾಟಕ್ಕೆ ಗಡುವೂ ಇದೆ. ರೋಗಿಯ ಕೈಯಲ್ಲಿರುವುದು ತಿಂಗಳುಗಳು, ಕೆಲವೊಮ್ಮೆ ಬರೀ ವಾರಗಳು. ಹುಡುಕಬೇಕಾದ ರಾಶಿಯನ್ನು ನೋಡಿದರೆ ಯುಗಗಳೇ ಬೇಕೇನೋ ಅನ್ನಿಸುತ್ತದೆ. ಆ ಯುಗಗಳನ್ನು ಪ್ರಯೋಗಾಲಯಗಳು ವಾರಗಳಿಗೆ ಇಳಿಸಿವೆ! ನನ್ನನ್ನು ಬೆರಗುಗೊಳಿಸುವುದು ಇದೇ.

ಮೊದಲು ಅಕ್ಷರಗಳ ಲೆಕ್ಕ. ಮನುಷ್ಯನ ಜೀನೋಮ್, ಅಂದರೆ ಡಿಎನ್‌ಎಯಲ್ಲಿರುವ ಇಡೀ ಬರಹ, ಒಂದು ಪ್ರತಿಗೆ ಸುಮಾರು 320 ಕೋಟಿ ಅಕ್ಷರ. ಸೆಕೆಂಡಿಗೊಂದು ಅಕ್ಷರದಂತೆ, ಊಟ ನಿದ್ದೆ ಬಿಟ್ಟು ಓದಿದರೂ ಮುಗಿಸಲು 101 ವರ್ಷ. ಪುಟಕ್ಕೆ 2,000 ಅಕ್ಷರದಂತೆ 300 ಪುಟದ ಪುಸ್ತಕಗಳಾಗಿ ಅಚ್ಚು ಹಾಕಿಸಿದರೆ 5,333 ಪುಸ್ತಕ. ಎರಡೆರಡು ಸೆಂಟಿಮೀಟರ್ ದಪ್ಪದ ಆ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿದರೆ ರಾಶಿ 100 ಮೀಟರ್ ದಾಟುತ್ತದೆ. ವಿಜಯಪುರದ ಗೋಲಗುಂಬಜ್ ಮೇಲೆ ಇನ್ನೊಂದು ಗೋಲಗುಂಬಜ್ ನಿಲ್ಲಿಸಿದಷ್ಟು ಎತ್ತರ! ಈಗ ಅದರಲ್ಲಿ ಒಂದೇ ಒಂದು ಅಕ್ಷರ ತಪ್ಪಿದೆ ಎಂದುಕೊಳ್ಳಿ. ಕೆ-ರಾಸ್ ಎಂಬ ಜೀನ್‌ನಲ್ಲಿ ‘ಜಿ’ ಇರಬೇಕಾದ ಒಂದು ಕಡೆ ‘ಎ’ ಬಂದು ಕೂತರೆ ಸಾಕು, ಅದು ತಯಾರಿಸುವ ಪ್ರೋಟೀನ್ ಸರದ 12ನೆಯ ಮಣಿ, ಅಂದರೆ ಅಮೈನೋ ಆಮ್ಲ, ಬದಲಾಗಿ ಕೋಶ ಕ್ಯಾನ್ಸರಿನ ಹಾದಿ ಹಿಡಿಯಬಹುದು. 5,333 ಪುಸ್ತಕಗಳಲ್ಲಿ ಒಂದು ಅಚ್ಚಿನ ತಪ್ಪು. ಅದನ್ನು ಹುಡುಕಿ ತೆಗೆಯಬೇಕು.

1990ರಲ್ಲಿ ಶುರುವಾದ ಮಾನವ ಜೀನೋಮ್ ಯೋಜನೆಗೆ ಇಂಥ ಒಂದು ಗ್ರಂಥರಾಶಿಯನ್ನು ಓದಲು 2003ರವರೆಗೆ, ಅಂದರೆ 13 ವರ್ಷ ಹಿಡಿಯಿತು. ಅದಕ್ಕೆ ಎತ್ತಿಟ್ಟ ಹಣ ಸುಮಾರು 300 ಕೋಟಿ ಡಾಲರ್. ಅಕ್ಷರಕ್ಕೆ ಹತ್ತಿರ ಹತ್ತಿರ ಒಂದು ಡಾಲರ್! ಇಂದಿನ ದೈತ್ಯ ಸೀಕ್ವೆನ್ಸಿಂಗ್ ಯಂತ್ರವೊಂದು ಎರಡೇ ದಿನಗಳ ಒಂದು ಓಟದಲ್ಲಿ 16 ಲಕ್ಷ ಕೋಟಿ ಅಕ್ಷರ ಓದಿ ಎಸೆಯುತ್ತದೆ. 5,000 ಜೀನೋಮ್‌ಗಳನ್ನು ಒಂದೊಂದು ಸಲ ಓದಿದಷ್ಟು. ಸೆಕೆಂಡಿಗೊಂದರಂತೆ ನಾವು ಓದಹೊರಟರೆ 5 ಲಕ್ಷ ವರ್ಷ. ಮನುಷ್ಯ ಎಂಬ ಪ್ರಾಣಿ ಭೂಮಿಯ ಮೇಲೆ ಹುಟ್ಟಿಯೇ ಸುಮಾರು 3 ಲಕ್ಷ ವರ್ಷ! ನಮ್ಮ ಪೂರ್ವಜರಲ್ಲಿ ಮೊಟ್ಟಮೊದಲಿನವನು ಓದಲು ಕೂತಿದ್ದರೂ ಇನ್ನೂ 2 ಲಕ್ಷ ವರ್ಷದ ಓದು ಬಾಕಿ ಇರುತ್ತಿತ್ತು. ಯಂತ್ರಕ್ಕೆ ಸೋಮವಾರ ಬೆಳಿಗ್ಗೆ ಕೊಟ್ಟರೆ ಬುಧವಾರ ಬೆಳಿಗ್ಗೆ ಕೆಲಸ ಮುಗಿದಿರುತ್ತದೆ.

ತಪ್ಪಿದ ಅಕ್ಷರಗಳ ಪಟ್ಟಿ ಕೈಗೆ ಬಂತು. ಅಲ್ಲಿಗೆ ಕೆಲಸ ಮುಗಿಯಿತೇ? ಶುರುವಾದದ್ದೇ ಈಗ. ರಕ್ಷಣಾ ಪಡೆಯ ಟಿ ಕೋಶಗಳು ಡಿಎನ್‌ಎ ಓದುವುದಿಲ್ಲ. ಅವು ನೋಡುವುದು ಕೋಶದ ಮೈಮೇಲೆ ತೂಗುಹಾಕಿದ ಪೆಪ್ಟೈಡ್‌ಗಳನ್ನು, ಅಂದರೆ 8ರಿಂದ 11 ಮಣಿಗಳಷ್ಟೇ ಉದ್ದದ ಪ್ರೋಟೀನ್ ತುಣುಕುಗಳನ್ನು. ಮಣಿಗಳಲ್ಲಿ 20 ಬಗೆ. 9 ಮಣಿಗಳ ಸರವನ್ನು ಎಷ್ಟು ರೀತಿ ಪೋಣಿಸಬಹುದು? 51,200 ಕೋಟಿ ರೀತಿ! ಜಗತ್ತಿನ 800 ಕೋಟಿ ಜನರಿಗೆ ಹಂಚಿದರೆ ತಲೆಗೆ 64 ಬೇರೆ ಬೇರೆ ಸರ ಸಿಗುತ್ತವೆ. ಒಬ್ಬರ ಬಳಿ ಇದ್ದದ್ದು ಇನ್ನೊಬ್ಬರ ಬಳಿ ಇರುವುದಿಲ್ಲ. ಸೆಕೆಂಡಿಗೊಂದು ಸರ ಪೋಣಿಸುತ್ತ ಹೋದರೆ 16,000 ವರ್ಷ ದಾಟುತ್ತದೆ.

ತುಣುಕುಗಳನ್ನು ತೂಗುಹಾಕುವ ಗೂಟಗಳಿಗೆ ಎಚ್‌ಎಲ್‌ಎ ಎಂದು ಹೆಸರು. ಅವುಗಳಲ್ಲಿ ಮೊದಲ ವರ್ಗ ಒಂದರಲ್ಲೇ ಜಗತ್ತಿನಾದ್ಯಂತ 25,000ಕ್ಕೂ ಹೆಚ್ಚು ನಮೂನೆಗಳು ದಾಖಲಾಗಿವೆ. ಒಬ್ಬ ಮನುಷ್ಯನ ಪಾಲಿಗೆ ಬರುವುದು ಹೆಚ್ಚೆಂದರೆ ಆರು, ತಂದೆಯಿಂದ ಮೂರು, ತಾಯಿಯಿಂದ ಮೂರು. ಒಂದೇ ಒಂದು ಮಣಿ ಬದಲಾದರೂ ಅದನ್ನು ಒಳಗೊಂಡ 8ರಿಂದ 11 ಮಣಿಗಳ ತುಣುಕುಗಳು 38 ಆಗುತ್ತವೆ. ಆರು ಗೂಟಗಳಿಂದ ಗುಣಿಸಿದರೆ 228 ಜೋಡಿ. ಚರ್ಮದ ಕ್ಯಾನ್ಸರ್ ಮೆಲನೋಮಾದಲ್ಲಿ ಇಂಥ ಬದಲಾವಣೆಗಳು ನೂರಾರು. 500 ಎಂದು ಹಿಡಿದರೂ ಪರೀಕ್ಷಿಸಬೇಕಾದ ಜೋಡಿಗಳು 1,14,000. ಇದು ಒಬ್ಬ ರೋಗಿಯ ಲೆಕ್ಕ. ಪಕ್ಕದ ಹಾಸಿಗೆಯವರದ್ದು ಬೇರೆಯೇ 1,14,000!

ಕೋಶದ ಮೈಮೇಲೆ ನಿಜವಾಗಿ ಏನು ತೂಗಾಡುತ್ತಿದೆ ಎಂದು ಕಿತ್ತು ತೆಗೆದು ತೂಗಿ ನೋಡುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರ್. ಒಂದು ಕೋಶದ ಮೇಲೆ ಸುಮಾರು ಒಂದು ಲಕ್ಷ ಗೂಟಗಳು. ನಮಗೆ ಬೇಕಾದ ತುಣುಕು ಹತ್ತೇ ಗೂಟಗಳ ಮೇಲೆ ಇರಬಹುದು. 10 ಕೋಟಿ ಕೋಶಗಳನ್ನು ಅರೆದರೂ ಆ ತುಣುಕಿನ ಒಟ್ಟು ತೂಕ ಒಂದು ಗ್ರಾಮಿನ ಲಕ್ಷ ಕೋಟಿಯಲ್ಲಿ ಒಂದೂವರೆ ಪಾಲಿನಷ್ಟು. ಒಂದು ಹರಳು ಉಪ್ಪಿನ ತೂಕ ಅದರ ಮೂರೂವರೆ ಕೋಟಿ ಪಟ್ಟು! ಇಂಥದ್ದನ್ನು ಯಂತ್ರ ತೂಗುವ ನಿಖರತೆಯಾದರೂ ಎಂಥದ್ದು? ಹತ್ತು ಲಕ್ಷದಲ್ಲಿ ಒಂದೆರಡು ಪಾಲಿನಷ್ಟು ಹೆಚ್ಚುಕಮ್ಮಿ, ಅಷ್ಟೇ. ನಾಲ್ಕು ಟನ್ ತೂಗುವ ದಸರಾ ಆನೆಯನ್ನು ತಕ್ಕಡಿಯ ಮೇಲೆ ನಿಲ್ಲಿಸಿ, ಅದರ ಬೆನ್ನ ಮೇಲೆ ಒಂದೆರಡು ರೂಪಾಯಿ ನಾಣ್ಯ ಇಟ್ಟರೋ ತೆಗೆದರೋ ಎಂದು ಹೇಳಿಬಿಡುವಷ್ಟು.

1992ರಲ್ಲಿ ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ಹಂಟ್ ಮತ್ತು ಸಂಗಡಿಗರು ಈ ವಿಧಾನದಿಂದ ಒಂದೇ ನಮೂನೆಯ ಎಚ್‌ಎಲ್‌ಎ ಗೂಟಗಳಿಂದ ಸುಮಾರು 200 ತುಣುಕುಗಳನ್ನು ಅಳೆದರು. ಮಣಿ ಮಣಿಯಾಗಿ ಓದಲು ಆದದ್ದು 8 ಮಾತ್ರ. ಆ ಕಾಲಕ್ಕೆ ಅದೇ ದೊಡ್ಡ ಸಾಹಸ. 2016ರ ಹೊತ್ತಿಗೆ ಜರ್ಮನಿಯ ಮ್ಯೂನಿಕ್ ಬಳಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ತಂಡ 25 ಮೆಲನೋಮಾ ರೋಗಿಗಳ ಗಡ್ಡೆಗಳಿಂದ ಓದಿದ್ದು 95,500! 24 ವರ್ಷಗಳಲ್ಲಿ ಸುಮಾರು 12,000 ಪಟ್ಟು. ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಓಡುತ್ತಿದ್ದವರು ಅದೇ ಪ್ರಮಾಣದಲ್ಲಿ ವೇಗ ಹೆಚ್ಚಿಸಿಕೊಂಡಿದ್ದರೆ, ಸೂರ್ಯನನ್ನು ಗಂಟೆಗೆ 1,07,000 ಕಿಲೋಮೀಟರ್ ವೇಗದಲ್ಲಿ ಸುತ್ತುವ ಭೂಮಿಯ ಬೆನ್ನಿಗೇ ಬಂದುಬಿಡುತ್ತಿದ್ದರು.

ಅಷ್ಟು ದೊಡ್ಡ ಫಸಲಿನಲ್ಲಿ ಕ್ಯಾನ್ಸರಿನ ಬದಲಾವಣೆಯನ್ನು ಹೊತ್ತ ತುಣುಕುಗಳೆಷ್ಟು? ಕೇವಲ 11. ಅವುಗಳಲ್ಲಿ ಟಿ ಕೋಶಗಳು ಗುರುತು ಹಿಡಿದದ್ದು 4. ಸುಮಾರು 24,000ಕ್ಕೆ ಒಂದು! ತುಂಬಿದ ಕ್ರಿಕೆಟ್ ಕ್ರೀಡಾಂಗಣದಲ್ಲಿ ನಮಗೆ ಬೇಕಾದವರು ಇಬ್ಬರೋ ಮೂವರೋ ಕೂತಿದ್ದಂತೆ.

ಕಂಪ್ಯೂಟರುಗಳೂ ಕೈಜೋಡಿಸಿವೆ. ಯಾವ ಗೂಟಕ್ಕೆ ಯಾವ ತುಣುಕು ಒಗ್ಗುತ್ತದೆ ಎಂದು ಊಹಿಸಲು ಡೆನ್ಮಾರ್ಕಿನಲ್ಲಿ ರೂಪಿಸಿದ ನೆಟ್‌ಎಂಎಚ್‌ಸಿಪ್ಯಾನ್ ಎಂಬ ತಂತ್ರಾಂಶದ ಒಂದು ಆವೃತ್ತಿಗೆ 8 ಲಕ್ಷ 50 ಸಾವಿರಕ್ಕೂ ಹೆಚ್ಚು ಉದಾಹರಣೆಗಳ ಪಾಠ ಹೇಳಿಕೊಡಲಾಗಿದೆ. ದಿನಕ್ಕೆ ನೂರು ಪಾಠ ಕಲಿಯುವ ವಿದ್ಯಾರ್ಥಿಗೆ ಅದು 23 ವರ್ಷದ ಓದು. ಇಷ್ಟಾದರೂ ಊಹೆ ಊಹೆಯೇ. ಇಂಥ ತಂತ್ರಾಂಶಗಳಿರುವ ಹಲವು ತಂಡಗಳು ಟೆಸ್ಲಾ ಎಂಬ ಒಕ್ಕೂಟದಲ್ಲಿ ಸೇರಿ ಒಂದೇ ಪರೀಕ್ಷೆಗೆ ಕೂತವು. 2020ರಲ್ಲಿ ಫಲಿತಾಂಶ ಬಂತು. ಆರು ರೋಗಿಗಳಿಗಾಗಿ ಆರಿಸಿದ 608 ತುಣುಕುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ ರೋಗಿಯ ಟಿ ಕೋಶಗಳು ನಿಜಕ್ಕೂ ಹಿಡಿದುಕೊಂಡದ್ದು 37. ನೂರಕ್ಕೆ ಆರು! ಹಾಗಾಗಿ ಕೊನೆಯ ಮಾತು ಕೇಳಬೇಕಾದದ್ದು ಟಿ ಕೋಶವನ್ನೇ.

ಕೇಳಬೇಕೆಂದರೆ ಮೊದಲು ಅದು ಸಿಗಬೇಕಲ್ಲ! ಒಂದು ನಿರ್ದಿಷ್ಟ ತುಣುಕನ್ನು ಗುರುತಿಸಬಲ್ಲ, ಇನ್ನೂ ಹೋರಾಟ ಕಾಣದ ಟಿ ಕೋಶ ತನ್ನ ಬಗೆಯವುಗಳಲ್ಲಿ ಲಕ್ಷಕ್ಕೆ ಒಂದು, ಕೆಲವೊಮ್ಮೆ ಹತ್ತು ಲಕ್ಷಕ್ಕೆ ಒಂದು. ಒಂದು ಕೋಟಿ ದಾಟಿದ ಬೆಂಗಳೂರಿನ ಜನಜಂಗುಳಿಯಲ್ಲಿ ಎಲ್ಲೋ ಚದುರಿರುವ ಹತ್ತು ಹದಿನಾಲ್ಕು ಜನರನ್ನು ಹೆಸರು ವಿಳಾಸ ಏನೂ ಇಲ್ಲದೆ ಹುಡುಕಿದಂತೆ. 1996ರಲ್ಲಿ ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಡೇವಿಸ್ ಅವರ ತಂಡ ಇದಕ್ಕೊಂದು ಉಪಾಯ ಕಂಡುಕೊಂಡಿತು. ತುಣುಕು ತೂಗುಹಾಕಿದ ಗೂಟ ಒಂದೇ ಆದರೆ ಟಿ ಕೋಶ ಅದನ್ನು ಸೆಕೆಂಡುಗಳಲ್ಲಿ ಕೈಬಿಡುತ್ತದೆ. ಅಂಥ ನಾಲ್ಕನ್ನು ಒಟ್ಟಿಗೆ ಕಟ್ಟಿ, ಹೊಳೆಯುವ ಬಣ್ಣ ಹಚ್ಚಿ ಕೊಟ್ಟರೆ ಬಿಡದೆ ಹಿಡಿದುಕೊಳ್ಳುತ್ತದೆ. ಅದೇ ಟೆಟ್ರಾಮರ್. ಬಣ್ಣ ಹೊತ್ತ ಕೋಶಗಳು ಫ್ಲೋ ಸೈಟೋಮೀಟರ್ ಎಂಬ ಕೋಶ ಎಣಿಸುವ ಯಂತ್ರದ ಲೇಸರ್ ಮುಂದೆ ಒಂದೊಂದಾಗಿ ಹಾದುಹೋಗುತ್ತವೆ, ಸೆಕೆಂಡಿಗೆ 20,000ದಂತೆ! ಒಂದು ಕೋಟಿ ಕೋಶಗಳ ತಪಾಸಣೆಗೆ 500 ಸೆಕೆಂಡು. ಸೂರ್ಯನಿಂದ ಹೊರಟ ಬೆಳಕು ಭೂಮಿಗೆ ಬಂದು ಮುಟ್ಟುವಷ್ಟರಲ್ಲಿ ಬೆಂಗಳೂರಿನಷ್ಟು ದೊಡ್ಡ ಊರಿನ ಮನೆಮನೆ ಗಣತಿ ಮುಗಿದಂತೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಸೆಕೆಂಡಿಗೊಂದು ಕೋಶ ಎಣಿಸುವವರಿಗೆ ಇದೇ ಕೆಲಸಕ್ಕೆ ಹಗಲು ರಾತ್ರಿ ಸೇರಿ 115 ದಿನ ಬೇಕು.

ಇನ್ನೊಂದು ವಿಧಾನ ಎಲಿಸ್ಪಾಟ್, 1983ರಿಂದ ಬಳಕೆಯಲ್ಲಿದೆ. ಅದರ ತಟ್ಟೆಯನ್ನು ಹತ್ತಿರದಿಂದ ನೋಡಬೇಕು. 12.8 ಸೆಂಟಿಮೀಟರ್ ಉದ್ದ, 8.5 ಸೆಂಟಿಮೀಟರ್ ಅಗಲದ ಪ್ಲಾಸ್ಟಿಕ್ ತಟ್ಟೆ. ಅದರಲ್ಲಿ 8 ಸಾಲು, ಸಾಲಿಗೆ 12ರಂತೆ 96 ಪುಟ್ಟ ಗುಳಿಗಳು. ಗುಳಿಯ ತಳದಲ್ಲಿ ಬಿಳಿಯ ಪೊರೆ. ಒಂದೊಂದು ಗುಳಿಗೂ 2 ಲಕ್ಷ ಕೋಶಗಳನ್ನು ಹಾಕಿ, ಅನುಮಾನ ಇರುವ ತುಣುಕನ್ನು ಬೆರೆಸಿ ರಾತ್ರಿಯಿಡೀ ಬೆಚ್ಚಗಿಡುತ್ತಾರೆ. ತುಣುಕನ್ನು ಗುರುತು ಹಿಡಿದ ಟಿ ಕೋಶ ತಾನಿದ್ದ ಜಾಗದಲ್ಲೇ ಒಂದು ರಾಸಾಯನಿಕ ಸುರಿಸುತ್ತದೆ. ಬಣ್ಣ ಬರಿಸಿದಾಗ ಪೊರೆಯ ಮೇಲೆ ಚುಕ್ಕೆಗಳು ಮೂಡುತ್ತವೆ. ಒಂದು ಚುಕ್ಕೆಗೆ ಒಂದು ಕೋಶ! ಲಕ್ಷದಲ್ಲಿ ಒಂದೇ ಕೋಶ ಮಾತಾಡಿದ್ದರೂ ಚುಕ್ಕೆ ಅದನ್ನು ಬಚ್ಚಿಡುವುದಿಲ್ಲ. ಇಡೀ ತಟ್ಟೆಯಲ್ಲಿರುವುದು ಸುಮಾರು ಎರಡು ಕೋಟಿ ಕೋಶ. ಮೂರು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟರೆ 2011ರ ಜನಗಣತಿಯ ಕರ್ನಾಟಕದ ಆರು ಕೋಟಿಯ ಹತ್ತಿರಕ್ಕೆ ಬಂದೆವು. ರಾಶಿಯ ಎತ್ತರ ಐದು ಸೆಂಟಿಮೀಟರೂ ಇಲ್ಲ.

ಒಂದು ಸಲಕ್ಕೆ ಒಂದು ತುಣುಕು, ಎರಡು ತುಣುಕು ಎಂದು ಕೇಳುತ್ತಿದ್ದ ಕಾಲವೂ ಹೋಯಿತು. 2016ರಲ್ಲಿ ಡೆನ್ಮಾರ್ಕಿನ ಸೀನೆ ಹ್ಯಾಡ್ರಪ್ ಅವರ ತಂಡ ಪ್ರತಿಯೊಂದು ತುಣುಕಿಗೂ ಡಿಎನ್‌ಎಯದೇ ಬಾರ್‌ಕೋಡ್ ಅಂಟಿಸಿ, ಒಂದೇ ರಕ್ತದ ಮಾದರಿಗೆ ಸಾವಿರಕ್ಕೂ ಹೆಚ್ಚು ಪ್ರಶ್ನೆಗಳನ್ನು ಒಮ್ಮೆಲೇ ಕೇಳಿತು. ಸಾವಿರ ಸಾಲದು ಎನ್ನುವವರು ಯೀಸ್ಟ್ ಕೋಶಗಳ ಮೈಮೇಲೆ ಒಂದೊಂದು ತುಣುಕು ತೂಗುಹಾಕಿ, ಹತ್ತಾರು ಕೋಟಿ ಬಗೆಗಳ ಭಂಡಾರವನ್ನೇ ಕಟ್ಟಿದ್ದಾರೆ. ದೋಸೆ ಹಿಟ್ಟನ್ನು ಉಬ್ಬಿಸುವ ಸೂಕ್ಷ್ಮಜೀವಿಗಳ ಬಳಗಕ್ಕೆ ಸೇರಿದ ಯೀಸ್ಟ್, ಒಂದು ಕೊಳವೆಯೊಳಗೆ ಭಾರತದ ಹತ್ತರಲ್ಲೊಂದು ಭಾಗ ಜನಸಂಖ್ಯೆಯಷ್ಟು ತುಣುಕುಗಳನ್ನು ಎತ್ತಿ ತೋರಿಸುತ್ತ ನಿಂತಿರುತ್ತದೆ!

ಈಗ ಎದುರಿಗಿರುವ ಪಡೆಯ ಲೆಕ್ಕ. ನಮ್ಮ ಮೈಯಲ್ಲಿರುವ ಟಿ ಕೋಶಗಳು ಸುಮಾರು 40,000 ಕೋಟಿ. ನಮ್ಮ ಆಕಾಶಗಂಗೆಯ ನಕ್ಷತ್ರಗಳಿಗೆ ಖಗೋಳಜ್ಞರು ಕೊಡುವ ಅತಿ ದೊಡ್ಡ ಅಂದಾಜು ಕೂಡ ಇಷ್ಟೇ. ಅವುಗಳ ಮೈಮೇಲಿನ ಗ್ರಾಹಕಗಳನ್ನು, ಅಂದರೆ ತುಣುಕನ್ನು ಹಿಡಿಯುವ ಕೈಗಳನ್ನು, ದೇಹ ಎಷ್ಟು ಬಗೆಯಾಗಿ ರೂಪಿಸಬಲ್ಲದು? ಪದೇ ಪದೇ ಉಲ್ಲೇಖವಾಗುವ ಅಂದಾಜು 10 ಕೋಟಿ ಕೋಟಿ. ಒಂದರ ಮುಂದೆ ಹದಿನೈದು ಸೊನ್ನೆ! ಸೆಕೆಂಡಿಗೊಂದರಂತೆ ಎಣಿಸಿದರೆ ಮೂರು ಕೋಟಿ ಹದಿನೇಳು ಲಕ್ಷ ವರ್ಷ. ಒಂದೊಂದು ಬಗೆಗೆ ಒಂದೇ ಒಂದು ಕೋಶ ಇಟ್ಟುಕೊಂಡರೂ ಅವುಗಳ ತೂಕವೇ ಸುಮಾರು 180 ಕಿಲೋ ಆಗುತ್ತದೆ. ಮೂವರು ಮನುಷ್ಯರ ತೂಕವನ್ನು ಒಬ್ಬರ ರಕ್ಷಣಾ ಪಡೆಯೇ ತೂಗಬೇಕಾಗುತ್ತದೆ! ಹಾಗಾಗಿ ಯಾರ ಮೈಯಲ್ಲೂ ಎಲ್ಲ ಬಗೆಗಳೂ ಇರಲು ಸಾಧ್ಯವಿಲ್ಲ. ಇರುವುದರಲ್ಲೇ ಸರಿಯಾದದ್ದನ್ನು ಹುಡುಕಿಕೊಳ್ಳಬೇಕು.

ದೊಡ್ಡ ಸಂಖ್ಯೆಗಳ ಈ ಸಂತೆಯ ನಡುವೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಬ್ಬಿಬ್ಬುಗೊಳಿಸುವುದು ಒಂದು ಪುಟ್ಟ ಸಂಖ್ಯೆ: ಮೂರು. ಮಾಸ್ ಸ್ಪೆಕ್ಟ್ರೋಮೀಟರ್ ಹತ್ತಾರು ಕೋಟಿ ಕೋಶಗಳನ್ನು ಬೇಡುತ್ತದೆ. ಟಿ ಕೋಶ ಬೇಡುವುದು ಒಂದೇ ಕೋಶ. ಅದರ ಮೇಲಿನ ಲಕ್ಷ ಗೂಟಗಳಲ್ಲಿ ತನಗೆ ಸಂಬಂಧಿಸಿದ ತುಣುಕು ಮೂರೇ ಗೂಟಗಳ ಮೇಲಿದ್ದರೂ ಅದು ಆ ಕೋಶವನ್ನು ಕೊಲ್ಲಬಲ್ಲದು ಎಂದು 2004ರಲ್ಲಿ ಮಾರ್ಕ್ ಡೇವಿಸ್ ಅವರ ಪ್ರಯೋಗಾಲಯವೇ ಕಣ್ಣಾರೆ ಕಂಡು ಹೇಳಿತು. ಲಕ್ಷದಲ್ಲಿ ಮೂರು! ಇದನ್ನು ಮಾಡುವ ಟಿ ಕೋಶದ ಅಡ್ಡಳತೆ 7 ಮೈಕ್ರಾನ್. ಒಂದು ಮಿಲಿಮೀಟರಿನಲ್ಲಿ 140 ಟಿ ಕೋಶಗಳು ಪಕ್ಕಪಕ್ಕದಲ್ಲಿ ನಿಲ್ಲಬಹುದು. ಮನುಷ್ಯ ಕಟ್ಟಿದ ಯಾವ ಆ್ಯಂಟಿಜೆನ್ ಶೋಧಕ ಯಂತ್ರವೂ ಇದರ ಹತ್ತಿರ ಸುಳಿದಿಲ್ಲ.

ಹುಡುಕಿ ಸಿಕ್ಕ ಮೇಲೆ ಏನಾಗುತ್ತದೆ? ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಸ್ಟೀವನ್ ರೋಸೆನ್‌ಬರ್ಗ್ ಅವರ ತಂಡ ಇದನ್ನು ಒಂದಲ್ಲ ಹಲವು ಸಲ ತೋರಿಸಿದೆ. 2018ರಲ್ಲಿ ವರದಿಯಾದ ಒಬ್ಬ ಮಹಿಳೆಯ ಸ್ತನ ಕ್ಯಾನ್ಸರಿನಲ್ಲಿ ಸಿಕ್ಕ ಬದಲಾವಣೆಗಳು 62. ಆಕೆಯ ಟಿ ಕೋಶಗಳು ಗುರುತು ಹಿಡಿದದ್ದು 4. ಆ ನಾಲ್ಕನ್ನು ಬಲ್ಲ ಕೋಶಗಳನ್ನು ಬೆಳೆಸಿ, ಸುಮಾರು 8,000 ಕೋಟಿಯ ಪಡೆಯಾಗಿ, ಬೇರೆ ಔಷಧಗಳ ಜೊತೆಗೆ ಆಕೆಯ ಮೈಗೆ ಮರಳಿಸಿದರು. ಜಗತ್ತಿನ ಜನರಿಗೆ ತಲೆಗೆ ಹತ್ತರಂತೆ! ಗಡ್ಡೆಗಳೆಲ್ಲ ಕರಗಿದವು, 22 ತಿಂಗಳ ಬಳಿಕವೂ ಮರಳಿರಲಿಲ್ಲ.

ಅದಕ್ಕೂ ಎರಡು ವರ್ಷ ಮೊದಲು, 2016ರಲ್ಲಿ ವರದಿಯಾದ ಪ್ರಕರಣದಲ್ಲಿ, ಇನ್ನೂ ದೊಡ್ಡ ಪಡೆ ಹೊರಟಿತ್ತು. ಕರುಳಿನ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿ ಏಳು ಗಡ್ಡೆಗಳಾಗಿದ್ದ ರೋಗಿ. ಗುರಿ ಅದೇ ಕೆ-ರಾಸ್, 320 ಕೋಟಿಯಲ್ಲಿ ತಪ್ಪಿದ ಆ ಒಂದೇ ಅಕ್ಷರ. ಮೈಗೆ ಇಳಿಸಿದ ಟಿ ಕೋಶಗಳು 14,800 ಕೋಟಿ. ಅವುಗಳಲ್ಲಿ ಮುಕ್ಕಾಲು ಪಾಲು ಆ ಒಂದು ತಪ್ಪನ್ನೇ ಬಲ್ಲವು. ಸಾಲಾಗಿ ನಿಲ್ಲಿಸಿದ್ದರೆ ಪಡೆಯ ಉದ್ದ ಸಾವಿರ ಕಿಲೋಮೀಟರ್ ಮೀರುತ್ತಿತ್ತು; ಬೆಂಗಳೂರಿನಲ್ಲಿ ಮೊದಲ ಕೋಶ ನಿಂತರೆ ಕೊನೆಯದು ಮುಂಬೈಯಲ್ಲಿ! ಏಳೂ ಗಡ್ಡೆಗಳು ಕುಗ್ಗಿದವು. ಒಂಬತ್ತು ತಿಂಗಳ ಬಳಿಕ ಒಂದು ಮತ್ತೆ ಬೆಳೆಯಿತು. ಪರೀಕ್ಷಿಸಿದರೆ, ತುಣುಕನ್ನು ತೂಗುಹಾಕುತ್ತಿದ್ದ ಆ ಎಚ್‌ಎಲ್‌ಎ ಗೂಟವನ್ನೇ ಅದು ಕಳಚಿ ಹಾಕಿತ್ತು. 11,000 ಕೋಟಿ ಬೇಟೆಗಾರರಿಂದ ತಪ್ಪಿಸಿಕೊಳ್ಳಲು ಅದು ಹಿಡಿದ ದಾರಿ ಅದು.

ಈಗ ಗಡುವಿನ ಮಾತಿಗೆ ಬರೋಣ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದರೆ ಕ್ಯಾನ್ಸರುಗಳಲ್ಲೇ ಅತಿ ಕ್ರೂರವಾದವುಗಳಲ್ಲಿ ಒಂದು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ವಿನೋದ್ ಬಾಲಚಂದ್ರನ್ ಅವರ ತಂಡ ಶಸ್ತ್ರಚಿಕಿತ್ಸೆಯಾದ 16 ರೋಗಿಗಳ ಗಡ್ಡೆಗಳನ್ನು ಓದಿಸಿತು. ಒಬ್ಬೊಬ್ಬರಿಗೂ ಹೆಚ್ಚೆಂದರೆ 20 ಆ್ಯಂಟಿಜೆನ್ ಆರಿಸಿ, ಒಬ್ಬೊಬ್ಬರಿಗೂ ಬೇರೆಯೇ ಲಸಿಕೆಯನ್ನು ಜರ್ಮನಿಯ ಬಯೋಎನ್‌ಟೆಕ್‌ನಿಂದ ಮಾಡಿಸಿ ಚುಚ್ಚಿತು. ಶಸ್ತ್ರಚಿಕಿತ್ಸೆಯಿಂದ ಲಸಿಕೆಗೆ ಹಿಡಿದ ಕಾಲ ಸುಮಾರು 9.4 ವಾರ! ಮನುಷ್ಯನ ಒಂದು ಜೀನೋಮ್ ಓದುವುದಕ್ಕೇ 13 ವರ್ಷ, ಅಂದರೆ 678 ವಾರ ಬೇಕಾಗಿದ್ದ ಜಗತ್ತಿನಲ್ಲಿ ಈಗ ಓದಿ, ಹೋಲಿಸಿ, ಆರಿಸಿ, ಔಷಧ ಮಾಡಿ, ಸಾಗರ ದಾಟಿಸಿ, ತೋಳಿಗೆ ತಲುಪಿಸಲು ಅದರ 72ರಲ್ಲಿ ಒಂದು ಪಾಲು ಸಾಕಾಯಿತು.

16ರಲ್ಲಿ 8 ಜನರ ಮೈ ಲಸಿಕೆಗೆ ಓಗೊಟ್ಟಿತು. ಮೊದಲು ಪರೀಕ್ಷೆಯ ಕಣ್ಣಿಗೂ ಬೀಳದಷ್ಟು ವಿರಳವಾಗಿದ್ದ ಟಿ ಕೋಶಗಳು ಕೆಲವರಲ್ಲಿ ರಕ್ತದ ಒಟ್ಟು ಟಿ ಕೋಶಗಳಲ್ಲಿ ನೂರಕ್ಕೆ ಹತ್ತರಷ್ಟಾಗುವ ಮಟ್ಟಕ್ಕೆ ಏರಿದವು. ಐದು ಲೀಟರ್ ರಕ್ತದ ಲೆಕ್ಕ ಹಿಡಿದರೆ ಹತ್ತಿರ ಹತ್ತಿರ 50 ಕೋಟಿ ಕೋಶ! 2025ರಲ್ಲಿ ಪ್ರಕಟವಾದ ಮುಂದಿನ ವರದಿಯ ಪ್ರಕಾರ ಈ ಕೋಶಬಳಗಗಳ ಅಂದಾಜು ಸರಾಸರಿ ಆಯಸ್ಸು 7.7 ವರ್ಷ, ಐದರಲ್ಲಿ ಒಂದು ಬಳಗ ದಶಕಗಳ ಕಾಲವೇ ಬಾಳಬಹುದು. 7.7 ವರ್ಷ ಎಂದರೆ 400 ವಾರ. ಗಡ್ಡೆಯಿಂದ ಲಸಿಕೆಯವರೆಗೆ ಕಳೆದ ಒಂದೊಂದು ವಾರಕ್ಕೂ ಪ್ರತಿಯಾಗಿ ಆ ರೋಗಿಗಳ ಮೈಯಲ್ಲಿ ಸುಮಾರು 43 ವಾರಗಳ ಕಾವಲು.